ಉಸಿರು ತೆಗೆದುಕೊಂಡ ಜಾಗ

ಪರದೆ ಅಂದರೆ ಒಂದು ಡಬಲ್ ಬೆಡ್‌ಶೀಟು. ವೇದಿಕೆಯ ಹಿಂದಿನ ಗೋಡೆಗೆ ಡ್ರಾಯಿಂಗ್ ಪಿನ್ನು ಚುಚ್ಚಿ ನಿಲ್ಲಿಸಿದ್ದರು. ಇಸ್ತ್ರಿ ಮಾಡಿರಲಿಲ್ಲ. ಮಡಿಕೆಯ ಗೆರೆ ನಡುವೆ ಹಾಗೇ ಉಳಿದಿದ್ದರಿಂದ ಆ ಸಂಜೆ ಚಿತ್ರದೊಳಗೆ ನಡೆದು ಬಂದವರೆಲ್ಲ ಒಂದು ಗಳಿಗೆ ಎರಡು ಹೋಳಾಗಿ ಮತ್ತೆ ಕೂಡಿಕೊಳ್ಳುತ್ತಿದ್ದರು.

1997ರ ಚಳಿಗಾಲ. ಇಂಗ್ಲೆಂಡಿನ ಈಶಾನ್ಯ ಮೂಲೆಯ ಡರಮ್ ಸೀಮೆಯಲ್ಲಿ, ಸಮುದ್ರದಂಚಿನ ಒಂದು ಗಣಿಯೂರು. (ನಾವು ಡರ್ಹ್ಯಾಮ್ ಅಂತ ಓದುತ್ತೇವೆ, ಅಲ್ಲಿಯವರ ಬಾಯಲ್ಲಿ ಅದು ಡರಮ್.) ಕಲ್ಲಿದ್ದಲ ಗಣಿ ಮುಚ್ಚಿ ನಾಲ್ಕು ವರ್ಷವಾಗಿತ್ತು. ಹೆಡ್‌ಗೇರಿನ ದೊಡ್ಡ ಗಾಲಿಗಳನ್ನು ಕೆಡವಿ ಆ ಜಾಗಕ್ಕೆ ಹುಲ್ಲು ಹಾಕಿದ್ದರು. ಊರಿನ ವೆಲ್‌ಫೇರ್ ಹಾಲ್ ಮಾತ್ರ ನಿಂತಿತ್ತು. ಅಲ್ಲಿ ಅವತ್ತು ಹಳೆಯ ಗಣಿ ಚಿತ್ರಗಳು, ಹಳೆಯ ಗಣಿ ಹಾಡುಗಳು, ಕೊನೆಗೆ ಚಹಾ, ಬಟಾಣಿ ಗೊಜ್ಜು, ಪೈ. ಮುಂದಿನ ಸಾಲಿನಲ್ಲಿ ನನಗೊಂದು ಕುರ್ಚಿ ಹಾಕಿದ್ದರು. ಊರಿನ ಡಾಕ್ಟರಿಗೆ ಮುಂದಿನ ಸಾಲು ಅನ್ನುವುದು ಅಲ್ಲಿಯೂ ಇದ್ದ ಪದ್ಧತಿ.

ನಾನು ಆ ಊರಿಗೆ ಬಂದದ್ದು 1974ರಲ್ಲಿ. ದೊಡ್ಡ ಪಟ್ಟಣಗಳ ಒಳ್ಳೆ ಜಾಗಗಳನ್ನು ಅಲ್ಲಿಯ ಹುಡುಗರೇ ಹಿಡಿದುಕೊಂಡ ಮೇಲೆ ಗಣಿಯೂರುಗಳ ದವಾಖಾನೆಗಳು ನಮ್ಮಂಥವರಿಗೆ ಉಳಿಯುತ್ತಿದ್ದವು. ವೇಲ್ಸಿನ ಕಣಿವೆಗಳಿರಲಿ, ಡರಮ್ ಇರಲಿ, ಆ ಕಾಲದಲ್ಲಿ ಗಣಿ ಕಾರ್ಮಿಕರ ಎದೆಗೆ ಸ್ಟೆತಾಸ್ಕೋಪ್ ಇಟ್ಟವರಲ್ಲಿ ಭಾರತದಿಂದ ಹೋದವರು ಬಹಳ. ಮೊದಲ ದಿನ ಒಬ್ಬ ಮುದುಕ ಒಳಗೆ ಬಂದು ನನ್ನನ್ನು "ಪೆಟ್" ಅಂದ. ನನಗೆ ಮೈಯೆಲ್ಲ ಉರಿಯಿತು. ಪೆಟ್ ಅಂದರೆ ನಾಯಿ, ಬೆಕ್ಕು ಅಂತ ತಾನೇ ನಾವು ಓದಿದ್ದು! ಸಂಜೆ ನರ್ಸಮ್ಮ ನಕ್ಕೂ ನಕ್ಕೂ ಹೇಳಿದರು: ಅದು "ತಾಯಿ" ಅಂದ ಹಾಗೆ ಅಂತ. ಆಮೇಲೆ "ಹಿನ್ನಿ" ಬಂತು, ಅದಕ್ಕೂ ಒಗ್ಗಿಕೊಂಡೆ. ಗಂಡಸರು ತಮ್ಮತಮ್ಮಲ್ಲಿ "ಮಾರಾ" ಅಂದುಕೊಳ್ಳುತ್ತಿದ್ದರು. ಒಟ್ಟಿಗೆ ಕೆಲಸ ಮಾಡುವ ಜೊತೆಗಾರ ಅಂತ ಅರ್ಥ. ನನ್ನ ಕಿವಿಗೆ ಅದು ಯಾವತ್ತೂ "ಮಾರಾಯ" ಅಂತಲೇ ಬಿತ್ತು. ಅರ್ಥವೂ ಅಷ್ಟೇನೂ ದೂರವಿರಲಿಲ್ಲ.

ಇನ್ನೊಂದು ಕಾರಣಕ್ಕೂ ಆ ಊರು ನನಗೆ ಪರ ಊರು ಅನ್ನಿಸಲಿಲ್ಲ. ನಾನು ಹುಟ್ಟಿ ಬೆಳೆದದ್ದು ಕೆ.ಜಿ.ಎಫ್.ನಲ್ಲಿ, ಚಾಂಪಿಯನ್ ರೀಫ್ ಕಡೆ. ಅಪ್ಪ ಟೈಮ್ ಆಫೀಸಿನಲ್ಲಿ ಗುಮಾಸ್ತರು. ಎಷ್ಟು ಜನ ಕೆಳಗಿಳಿದರು, ಎಷ್ಟು ಜನ ಮೇಲೆ ಬಂದರು ಅನ್ನುವ ಲೆಕ್ಕ ಅವರ ಪುಸ್ತಕದಲ್ಲಿರುತ್ತಿತ್ತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಸೈರನ್ನಿಗೆ ಮಾತ್ರ ಭಾಷೆ ಇರಲಿಲ್ಲ. ಮೂರು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಬಂಡೆ ಒತ್ತಡ ತಾಳಲಾರದೆ ಸಿಡಿದರೆ ನಾವು ಅದನ್ನು ಏರ್ ಬ್ಲಾಸ್ಟ್ ಅನ್ನುತ್ತಿದ್ದೆವು. ಅಡಿಗೆಮನೆಯ ಶೆಲ್ಫಿನ ಮೇಲೆ ಲೋಟಗಳು ಕಿಣಿಕಿಣಿ ಅಂದ ತಕ್ಷಣ ಅಮ್ಮ ಒಲೆ ಸಣ್ಣ ಮಾಡಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಪಕ್ಕದ ಲೈನಿನ ಹೆಂಗಸರು ಶಾಫ್ಟಿನ ಕಡೆ ಓಡುತ್ತಿದ್ದರು. ಡರಮ್‌ನಲ್ಲಿ ಕಾಲಿಟ್ಟಾಗ ನನಗೆ ಗುರುತು ಹತ್ತಿದ್ದು ಆ ನಿಲ್ಲುವ ಭಂಗಿ. ಗಣಿಯಲ್ಲಿ ಗಂಡನಿರುವ ಹೆಂಗಸು ಬಾಗಿಲಲ್ಲಿ ನಿಲ್ಲುವುದೇ ಬೇರೆ ರೀತಿ.

ಒಂದು ವ್ಯತ್ಯಾಸ ಮಾತ್ರ ನನ್ನನ್ನು ಬಹಳ ದಿನ ಕಾಡಿತು. ನಮ್ಮಲ್ಲಿ ಮೇಲೆ ಬಂದವನ ಬಟ್ಟೆ ತಡವಿ ನೋಡಿ ಹೊರಗೆ ಬಿಡುತ್ತಿದ್ದರು. ಗುಲಗಂಜಿಯಷ್ಟು ಚಿನ್ನವೂ ಅವನದಲ್ಲ. ಇಲ್ಲಿ ಅಗೆದವನ ಮನೆ ಬಾಗಿಲಿಗೆ ಕಲ್ಲಿದ್ದಲು ಲಾರಿಯಲ್ಲಿ ಬಂದು ಬೀಳುತ್ತಿತ್ತು. ಸಂಬಳದ ಜೊತೆಗಿನ ಪಾಲು ಅದು. ಬೀದಿಯಲ್ಲಿ ಸುರಿದ ಗುಡ್ಡೆಯನ್ನು ಹುಡುಗರು ಸಲಿಕೆಯಲ್ಲಿ ತುಂಬಿ ಹಿತ್ತಿಲ ಗೂಡಿಗೆ ಹಾಕಿ ಚಿಲ್ಲರೆ ಕಾಸು ಸಂಪಾದಿಸುತ್ತಿದ್ದರು. ತಾನು ಅಗೆದದ್ದು ತನ್ನ ಒಲೆಯಲ್ಲಿ ಉರಿಯುವುದನ್ನು ಕಾಲು ಚಾಚಿ ಕೂತು ನೋಡುವ ಸುಖ ಕೋಲಾರದವರಿಗೆ ಯಾವತ್ತೂ ಸಿಗಲಿಲ್ಲ.

ಗಣಿಯವರ ಮೈಯನ್ನು ನಾನು ಓದಲು ಕಲಿತದ್ದು ಅಲ್ಲೇ. ಕೆಳಗೆ ಚರ್ಮ ಕೊಯ್ದುಕೊಂಡರೆ ಗಾಯದೊಳಗೆ ಇದ್ದಲ ಪುಡಿ ಸೇರಿಕೊಂಡು ಅದರ ಮೇಲೇ ಚರ್ಮ ಕೂಡಿಕೊಳ್ಳುತ್ತದೆ. ಆಮೇಲೆ ಸಾಯುವ ತನಕ ಅದು ಹಚ್ಚೆಯ ಹಾಗೆ ನೀಲಿ. ಬೆರಳ ಗೆಣ್ಣಿನ ಮೇಲೆ, ಮೊಣಕೈಯಲ್ಲಿ, ಕಿವಿಯ ಹಿಂದೆ. ಅಂಗಿ ತೆಗೆದರೆ ಬೆನ್ನುಮೂಳೆಯ ಉದ್ದಕ್ಕೂ ಗುಂಡಿ ಹೊಲಿದ ಹಾಗೆ ಗಟ್ಟಿ ಗಂಟುಗಳು. ತಗ್ಗು ಸೂರಿನಡಿ ಬಗ್ಗಿ ನಡೆದು ನಡೆದು, ಮಾಸುವ ಮೊದಲೇ ಮತ್ತೆ ತರಚಿ ಆದವು. ಅಂಗಿ ತೆಗೆಯಿರಿ ಅಂದರೆ ಲೇಡಿ ಡಾಕ್ಟರ ಮುಂದೆ ಆ ಆನೆಯಂಥ ಗಂಡಸರು ಹುಡುಗಿಯರ ಹಾಗೆ ನಾಚುತ್ತಿದ್ದರು. ಎದೆ ತೋರಿಸಲಿಕ್ಕಿಂತ ಬೆನ್ನು ತೋರಿಸಲು ಅವರಿಗೆ ಸಂಕೋಚ ಹೆಚ್ಚು. ಗಣಿಬಾಯಲ್ಲಿ ಸ್ನಾನದ ಮನೆಗಳು ಬರುವುದಕ್ಕೆ ಮುಂಚೆ ಒಲೆಯ ಮುಂದೆ ತಗಡಿನ ತೊಟ್ಟಿಯಿಟ್ಟು ಹೆಂಡತಿ ಸ್ನಾನ ಮಾಡಿಸುತ್ತಿದ್ದಳು. ಬೆನ್ನು ತೊಳೆದರೆ ಬೆನ್ನಿನ ಬಲ ಹೋಗುತ್ತದೆ ಅಂತ ಅದನ್ನು ಮಾತ್ರ ಬಿಡುವವರಿದ್ದರಂತೆ.

ಒಬ್ಬ ರೋಗಿಗೆ ನಾನು ಮನಸ್ಸಿನಲ್ಲೇ ವಿಭೂತಿ ಅಜ್ಜ ಅಂತ ಹೆಸರಿಟ್ಟಿದ್ದೆ. ಹಣೆಯ ಮೇಲೆ ಅಡ್ಡಡ್ಡ ಮೂರು ನೀಲಿ ಗೆರೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಸೂರಿನಿಂದ ಬಿದ್ದ ಕಲ್ಲಿನ ಗುರುತು. ಮೊದಲ ಸಲ ನೋಡಿದಾಗ, ಪೂಜೆ ಮುಗಿಸಿ ಎದ್ದು ಬಂದಿದ್ದಾರೇನೋ ಅನ್ನಿಸಿತ್ತು. ಅವರ ಎದೆಯೊಳಗಿನ ಸದ್ದನ್ನು ಇಪ್ಪತ್ತು ವರ್ಷ ಕೇಳಿದ್ದೆ. ಹೊಸ ಚಪ್ಪಲಿ ಹಾಕಿಕೊಂಡು ಒಣಗಿದ ಎಲೆಯ ಮೇಲೆ ನಡೆದ ಹಾಗೆ.

ಆ ಸಂಜೆ ಮೊದಲು ತೋರಿಸಿದ್ದು "ಕೋಲ್ ಫೇಸ್". 1935ರದು, ಕವಲ್ಕಾಂಟಿ ಎಂಬ ಬ್ರೆಜಿಲ್ ಮೂಲದವನು ಅಂಚೆ ಇಲಾಖೆಯ ಚಿತ್ರ ಘಟಕಕ್ಕೆ ಮಾಡಿದ ಹನ್ನೊಂದು ಹನ್ನೆರಡು ನಿಮಿಷದ ಚಿತ್ರ. ಸಂಗೀತ ಬೆಂಜಮಿನ್ ಬ್ರಿಟನ್‌ರದು, ಆಗ ಅವರಿಗೆ ಇಪ್ಪತ್ತೊಂದು ವರ್ಷ. ಪದ್ಯ ಆಡನ್‌ರದು. ಚಲನಚಿತ್ರ ಓದಿದವರು ಇದನ್ನು ಬಹಳ ಹೊಗಳುತ್ತಾರೆ, ಹೊಗಳಬೇಕಾದ್ದೇ. ಪಾಳಿ ಮುಗಿದು ಗಂಡಸರು ಮೇಲೆ ಬರುವಾಗ ಹೆಂಗಸರ ಕೋರಸ್ಸು ಹಾಡುತ್ತದೆ. ಹಾಲ್‌ನ ಹಿಂದಿನ ಸಾಲಿನಿಂದ ಒಂದು ದನಿ ಬಂತು: "ಮೂವತ್ತೆಂಟು ವರ್ಷ ಕೇಜಿನಲ್ಲಿ ಹತ್ತಿಳಿದೆ. ಒಂದು ದಿನಾನೂ ನನಗೆ ಈ ಹೆಂಗಸರ ದನಿ ಕೇಳಲಿಲ್ವಲ್ಲ ಮಾರಾ!" ಹಾಲ್ ಬಿದ್ದು ಬಿದ್ದು ನಕ್ಕಿತು. ಬ್ರಿಟನ್ ಅಲ್ಲಿದ್ದಿದ್ದರೆ ಅವರೂ ನಗುತ್ತಿದ್ದರೇನೋ.

ಎರಡನೆಯದು ಜನರಿಗೆ ಹೆಚ್ಚು ಹತ್ತಿರ. 1947ರ ಜನವರಿ 1ಕ್ಕೆ ಬ್ರಿಟನ್ನಿನ ಗಣಿಗಳೆಲ್ಲ ಸರ್ಕಾರದ ಪಾಲಾದವು. ಒಂದೊಂದು ಗಣಿಯ ಬಾಗಿಲಲ್ಲೂ ಇನ್ನು ಮೇಲೆ ಇದು ಪ್ರಜೆಗಳ ಸ್ವತ್ತು ಅನ್ನುವ ಫಲಕ ನಿಂತಿತು. ಅದೇ ವರ್ಷ ಕಲ್ಲಿದ್ದಲು ಮಂಡಳಿ "ಮೈನಿಂಗ್ ರಿವ್ಯೂ" ಎಂಬ ತಿಂಗಳ ಸುದ್ದಿಚಿತ್ರ ಶುರುಮಾಡಿತು. 1983ರ ತನಕ, ನಾನೂರಕ್ಕೂ ಹೆಚ್ಚು ಸಂಚಿಕೆ. ಸಿನಿಮಾ ಮಂದಿರಗಳಲ್ಲಿ ದೊಡ್ಡ ಚಿತ್ರಕ್ಕೆ ಮುಂಚೆ ಹತ್ತು ನಿಮಿಷ ಇದು. ನಮ್ಮಲ್ಲಿ ಫಿಲ್ಮ್ಸ್ ಡಿವಿಜನ್ ಬರುತ್ತಿತ್ತಲ್ಲ, ಹಾಗೆ. ಆದರೆ ನಾವು ಫಿಲ್ಮ್ಸ್ ಡಿವಿಜನ್ ಬಂದಾಗ ಕಡಲೆಕಾಯಿ ತರಲು ಏಳುತ್ತಿದ್ದೆವು. ಇಲ್ಲಿ ಎದ್ದರೆ ಪಕ್ಕದ ಊರಿನ ಷಡ್ಡಕನನ್ನು ಪರದೆಯ ಮೇಲೆ ನೋಡುವುದು ತಪ್ಪಿಹೋಗುತ್ತಿತ್ತು. ಹೊಸ ಯಂತ್ರ, ಉತ್ಪಾದನೆಯ ದಾಖಲೆ ಇವೆಲ್ಲದರ ನಡುವೆ ಹಿತ್ತಾಳೆ ವಾದ್ಯದ ಬ್ಯಾಂಡು, ಪಾರಿವಾಳ ಸಾಕುವವರು, ಲೀಕ್ ಬೆಳೆಯುವವರು. ಈ ಲೀಕ್ ಅನ್ನುವುದು ಈರುಳ್ಳಿಯ ದೊಡ್ಡಕ್ಕ. ಯಾರದು ದಪ್ಪ ಅಂತ ಈಶಾನ್ಯದ ಗಣಿಯೂರುಗಳಲ್ಲಿ ಪ್ರತಿವರ್ಷ ಪಂದ್ಯ. ಗೊಬ್ಬರದ ಗುಟ್ಟನ್ನು ಸ್ವಂತ ಮಗನಿಗೂ ಹೇಳುವುದಿಲ್ಲ.

ನೋಡಲು ಖುಷಿಯೇ. ಆದರೂ ನನಗೆ ಏನೋ ಕಡಿಮೆಯಾದ ಹಾಗೆ ಅನ್ನಿಸುತ್ತಲೇ ಇತ್ತು. ಎಲ್ಲರ ಹಲ್ಲೂ ಬೆಳ್ಳಗೆ, ಎಲ್ಲರ ಭುಜವೂ ಅಗಲ. ಏನು ಕಡಿಮೆ ಅನ್ನುವುದು ಹೊಳೆದದ್ದು ಮೂರನೆಯ ರೀಲಿಗೆ.

ಅದಕ್ಕೆ ಹೆಸರಿರಲಿಲ್ಲ, ದನಿಯೂ ಇರಲಿಲ್ಲ. ಐವತ್ತರ ದಶಕದ ನಡುವಿನಲ್ಲಿ ಯಾರೋ ಇದೇ ಊರಿನ ಗಣಿಬಾಯಿಯಲ್ಲಿ ಹಿಡಿದ ನಾಲ್ಕೈದು ನಿಮಿಷದ ತುಣುಕು. ಕೇಜು ಮೇಲೆ ಬರುತ್ತದೆ, ಗೇಟು ತೆರೆಯುತ್ತದೆ, ಕಪ್ಪು ಮುಖದವರು ಒಬ್ಬೊಬ್ಬರಾಗಿ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ನಡೆದು ಬರುತ್ತಾರೆ. ಅಷ್ಟೆ. ಪ್ರೊಜೆಕ್ಟರಿನ ಕಟಕಟ ಬಿಟ್ಟರೆ ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಹಾಲ್ ತಾನೇ ದನಿ ಕೊಡತೊಡಗಿತು. ಒಬ್ಬನ ಹೆಸರು, ಅವನ ಅಡ್ಡಹೆಸರು, ಯಾವ ಬೀದಿ, ಯಾರ ಮಗ. ಮುಂದಿನವನು. ಅವನ ಮುಂದಿನವನು. ಕೆಲವರ ಹೆಸರಿಗೆ ನಗು, ಕೆಲವರದಕ್ಕೆ "ಪಾಪ" ಅನ್ನುವಂಥ ಒಂದು ಸಣ್ಣ ಶಬ್ದ. ಅಪ್ಪನ ಟೈಮ್ ಆಫೀಸಿನ ಹಾಜರಿ ನನಗೆ ನೆನಪಾಯಿತು. ಮುಖಕ್ಕೆ ಮಸಿ ಹಿಡಿದಿದ್ದರೂ ಒಬ್ಬರನ್ನೂ ಅವರು ತಪ್ಪಿಸಲಿಲ್ಲ. ನಡಿಗೆಯಲ್ಲೇ ಗುರುತು ಹಿಡಿದರು. ತಗಡಿನ ಬುತ್ತಿ ಡಬ್ಬಿ, ಬ್ರೆಡ್ಡಿನ ಹೋಳಿನ ಆಕಾರದ್ದು, ಇಲಿ ತೂರದ ಹಾಗೆ ಮುಚ್ಚಳ ಬಿಗಿಯಾದದ್ದು. ಅದನ್ನು ಯಾವ ಕಂಕುಳಲ್ಲಿ ಇಟ್ಟುಕೊಳ್ಳುತ್ತಾರೆ ಅನ್ನುವುದರಿಂದಲೂ ಹಿಡಿದರು.

ನನಗೆ ಯಾರ ಪರಿಚಯವೂ ಆಗಲಿಲ್ಲ. ನಾನು ಕಂಡವರೆಲ್ಲ ಮುದುಕರು. ಇವರು ಮೂವತ್ತರ ಹುಡುಗರು. ಅಷ್ಟರಲ್ಲಿ ಒಬ್ಬ ಹೆಲ್ಮೆಟ್ಟು ಹಿಂದಕ್ಕೆ ತಳ್ಳಿ ಹಣೆ ಒರೆಸಿಕೊಂಡ. ಮಸಿ ಸರಿದ ಜಾಗದಲ್ಲಿ ಅಡ್ಡಡ್ಡ ಮೂರು ಗೆರೆ.

ಅವನು ಜೇಬು ತಡಕಿ ಸಿಗರೇಟು ಹಚ್ಚಿದ, ಕ್ಯಾಮೆರಾ ನೋಡಿ ನಕ್ಕ, ಹೊಗೆ ಬಿಟ್ಟ. ಉದ್ದವಾದ, ನಿರಾಳವಾದ ಒಂದೇ ಉಸಿರು. ಕಡಿಮೆಯಾದದ್ದು ಏನು ಅಂತ ನನಗೆ ಆಗ ತಿಳಿಯಿತು. ಮೂರು ಚಿತ್ರ ನೋಡಿದರೂ ಅವುಗಳಲ್ಲಿ ಒಂದು ಸಲವೂ ಯಾರೂ ಕೆಮ್ಮಿರಲಿಲ್ಲ. ಆ ಕೆಮ್ಮು ನನ್ನ ದವಾಖಾನೆಯ ಬೆಂಚಿನ ಮೇಲೆ ಕೂತಿರುತ್ತಿತ್ತು, ಬೆಳಿಗ್ಗೆ ಎಂಟೂವರೆಯಿಂದ.

ದೀಪ ಹಾಕಿದರು. ಚಿತ್ರದ ಪೆಟ್ಟಿಗೆ ಬದಲಿಸುವ ನಡುವೆ ಹಾಡು.

ಈ ಹಾಡುಗಳ ಕಥೆಯೇ ಬೇರೆ. ಡರಮ್‌ನಲ್ಲಿ ಗಣಿ ಹಾಡು ಅಂದರೆ ಮೊದಲು ಬರುವ ಹೆಸರು ಟಾಮಿ ಆರ್ಮ್‌ಸ್ಟ್ರಾಂಗ್. 1848ರಲ್ಲಿ ಹುಟ್ಟಿದವನು. ಕಾಲು ಸೊಟ್ಟ, ಚಿಕ್ಕ ಹುಡುಗನಾಗಿ ಗಣಿಗೆ ಸೇರಿದಾಗ ಅಣ್ಣ ಬೆನ್ನ ಮೇಲೆ ಹೊತ್ತುಕೊಂಡು ಹೋಗುತ್ತಿದ್ದನೆಂದು ಹೇಳುತ್ತಾರೆ. ಊರಲ್ಲಿ ನಡೆದದ್ದೆಲ್ಲ ಇವನ ಬಾಯಲ್ಲಿ ಪದವಾಗುತ್ತಿತ್ತು: ಮುಷ್ಕರ, ಮನೆ ಖಾಲಿ ಮಾಡಿಸಿದ್ದು, ಜಗಳ, ಜೈಲು. ಹಾಳೆಯಲ್ಲಿ ಅಚ್ಚು ಹಾಕಿಸಿ ಮಾರಿ ಬಂದ ಕಾಸು ಬಿಯರಿಗೆ. ನಮ್ಮ ಜಾತ್ರೆಗಳಲ್ಲಿ ಕೊಲೆ, ಪ್ರವಾಹದ ಪದ ಕಟ್ಟಿ ಎಂಟು ಪುಟದ ಪುಸ್ತಕ ಮಾರುತ್ತಿದ್ದವರ ಜಾತಿ ಅವನದು. 1882ರ ಫೆಬ್ರವರಿಯಲ್ಲಿ ಟ್ರಿಮ್ಡನ್ ಗ್ರೇಂಜ್ ಗಣಿ ಸಿಡಿದು ಹತ್ತಾರು ಗಂಡಸರು, ಹುಡುಗರು ಸತ್ತರು. ಕೆಲವೇ ದಿನಗಳಲ್ಲಿ ಆರ್ಮ್‌ಸ್ಟ್ರಾಂಗ್ ಆ ದುರಂತದ ಹಾಡು ಕಟ್ಟಿ, ವಿಧವೆಯರಿಗೂ ಮಕ್ಕಳಿಗೂ ಹಣ ಕೂಡಿಸಲು ಹಾಡಿದ. ಆಗ ಜನಕ್ಕೆ ಬಾಯಿಪಾಠವಿದ್ದ ಒಂದು ವಿರಹದ ಹಾಡಿನ ಧಾಟಿಯನ್ನೇ ತೆಗೆದುಕೊಂಡ. ಅಳಲು ಹೊಸ ರಾಗ ಹುಡುಕಲು ಸಮಯವೆಲ್ಲಿತ್ತು.

ಇಂಥವು ಎಷ್ಟೋ ಹಾಡು ಹೆಂಡದಂಗಡಿಯ ಹೊಗೆಯಲ್ಲೇ ಕರಗಿಹೋಗಬೇಕಿತ್ತು. 1951ರಲ್ಲಿ ಎ. ಎಲ್. ಲಾಯ್ಡ್ ಎಂಬ ಜಾನಪದ ಸಂಗ್ರಾಹಕರು ಕಲ್ಲಿದ್ದಲು ಮಂಡಳಿಯ "ಕೋಲ್" ಪತ್ರಿಕೆಯ ಮೂಲಕ ಗಣಿಯವರಿಂದಲೇ ಹಾಡು ಬರೆದು ಕಳಿಸಲು ಕೇಳಿದರು. ಮರುವರ್ಷ ಅದು ಪುಸ್ತಕವಾಯಿತು. 1961ರಲ್ಲಿ ಇವಾನ್ ಮೆಕಾಲ್, ಪೆಗಿ ಸೀಗರ್, ಚಾರ್ಲ್ಸ್ ಪಾರ್ಕರ್ ಟೇಪ್ ರೆಕಾರ್ಡರ್ ಹೊತ್ತು ಗಣಿಯವರ ಮಾತನ್ನೂ ಹಾಡನ್ನೂ ಒಟ್ಟಿಗೆ ಹೆಣೆದು ಬಿ.ಬಿ.ಸಿ. ರೇಡಿಯೋಗೆ "ದಿ ಬಿಗ್ ಹ್ಯೂವರ್" ಮಾಡಿದರು. ನಟರಿಲ್ಲ; ಗಣಿಯವನ ದನಿಯೇ ಗಣಿಯವನದು. ನನಗೆ ಕೇಳಿದರೆ ಆ ಅರವತ್ತು ನಿಮಿಷ ಎಷ್ಟೋ ಮೈಲಿ ಫಿಲ್ಮಿಗಿಂತ ಮೇಲು. ಇದು ಡಾಕ್ಟರ ಪಕ್ಷಪಾತ ಇರಬಹುದು. ನಮ್ಮ ಕೆಲಸ ಅರ್ಧ ಕಿವಿಯದು.

ವೇದಿಕೆಗೆ ವಿಭೂತಿ ಅಜ್ಜ ಹತ್ತಿದರು. ನಾಲ್ಕು ಮೆಟ್ಟಿಲಿಗೆ ಎರಡು ಸಲ ನಿಂತರು. ಆಗ ಎಪ್ಪತ್ತು ಅವರಿಗೆ. ಪಿಟೀಲಿಲ್ಲ, ಅಕಾರ್ಡಿಯನ್ ಇಲ್ಲ, ಒಂದು ಕೈ ಕುರ್ಚಿಯ ಬೆನ್ನಿನ ಮೇಲೆ. ಟ್ರಿಮ್ಡನ್ ಗ್ರೇಂಜಿನ ಹಾಡು ಎತ್ತಿದರು.

ಆ ಹಾಡಿನ ಒಂದೊಂದು ಸಾಲೂ ಒಂದೊಂದು ಉಸಿರಿನದು. ಗಟ್ಟಿ ಎದೆಯವನಿಗೆ ಸಾಲಿನ ಕೊನೆಯಲ್ಲಿ ಉಸಿರು ತೆಗೆದುಕೊಂಡರೆ ಸಾಕು. ಅವರಿಗೆ ಸಾಲು ಅರ್ಧವಾಗುವ ಮೊದಲೇ ಮುಗಿಯಿತು. ನಿಂತರು. ಒಂದು ಪದದ ನಡುವೆಯೇ ನಿಂತರು. ನಾನು ಅಭ್ಯಾಸಬಲದಿಂದ ವಾಚು ನೋಡಿಕೊಂಡೆ, ಆಮೇಲೆ ನಾಚಿಕೆಯಾಗಿ ಕೈ ಕೆಳಗಿಟ್ಟೆ. ಹಾಲ್ ಗಾಬರಿಯಾಗಲಿಲ್ಲ. ಅವರು ಬಿಟ್ಟ ಸ್ವರವನ್ನು ನೂರೈವತ್ತು ಜನ ಬಾಯಿ ಮುಚ್ಚಿಯೇ ಹಿಡಿದುಕೊಂಡರು, ಗುಂಯ್ ಅಂತ. ಅವರಿಗೆ ಉಸಿರು ಬಂದ ಮೇಲೆ ಅಲ್ಲಿಂದಲೇ ಅವರ ಕೈಗೆ ಕೊಟ್ಟರು. ಪ್ರತಿ ಸಾಲಿಗೂ ಹೀಗೇ ಆಯಿತು. ಎರಡನೇ ಚರಣಕ್ಕೆ ಬರುವ ಹೊತ್ತಿಗೆ ಎಲ್ಲಿ ನಿಲ್ಲುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತಾಗಿ, ಆ ನಿಲುಗಡೆಯೇ ಹಾಡಿನ ತಾಳವಾಯಿತು. ಆ ಹಾಡನ್ನು ಆಮೇಲೆ ಒಳ್ಳೊಳ್ಳೆ ಗಾಯಕರ ಬಾಯಲ್ಲಿ ಕೇಳಿದ್ದೇನೆ. ಉಸಿರು ಸರಿಯಾದ ಜಾಗದಲ್ಲಿ ತೆಗೆದುಕೊಳ್ಳುತ್ತಾರೆ. ಏನೋ ತಪ್ಪು ಹಾಡಿದ ಹಾಗೆ ಕೇಳಿಸುತ್ತದೆ ನನಗೆ.

ಮರುವರ್ಷ, 1998ರ ಜನವರಿಯಲ್ಲಿ, ಗಣಿಯವರ ಶ್ವಾಸಕೋಶಕ್ಕೆ ಧೂಳಿನಿಂದಾದ ಹಾನಿಗೆ ಬ್ರಿಟಿಷ್ ಕೋಲ್ ಹೊಣೆ ಅಂತ ನ್ಯಾಯಾಲಯ ಹೇಳಿತು. ಅರ್ಜಿಗಳು ಲಕ್ಷಗಟ್ಟಲೆ ಬಂದವು. ನನ್ನ ಮೇಜಿಗೂ ಕಟ್ಟುಕಟ್ಟು ಬಂತು. ಎಷ್ಟು ದೂರ ನಡೆಯಬಲ್ಲರು, ಎಷ್ಟು ಮೆಟ್ಟಿಲು ಹತ್ತಬಲ್ಲರು ಅಂತ ಬರೆಯುತ್ತಿದ್ದೆ. ಒಂದು ಉಸಿರಿಗೆ ಅರ್ಧ ಸಾಲು ಹಾಡಬಲ್ಲರು ಅಂತ ಬರೆಯಲು ಜಾಗವಿರಲಿಲ್ಲ.

ಅವತ್ತು ಯಾರೂ ಎತ್ತದ ಹಾಡುಗಳೂ ಇದ್ದವು. 1984ರ ಮಾರ್ಚಿನಿಂದ 1985ರ ಮಾರ್ಚಿನ ತನಕ ನಡೆದ ಮುಷ್ಕರದ ಹಾಡುಗಳು. ಹಾಲ್‌ನ ಎಡ ತುದಿಯಲ್ಲೊಬ್ಬ ಅಣ್ಣ, ಬಲ ತುದಿಯಲ್ಲೊಬ್ಬ ತಮ್ಮ ಕೂತಿದ್ದರು. ಮುಷ್ಕರ ಮುಗಿಯುವ ಮೊದಲೇ ಕೆಲಸಕ್ಕೆ ಹೋದವನು ತಮ್ಮ. ಹನ್ನೆರಡು ವರ್ಷದಿಂದ ಮಾತಿಲ್ಲ. ಮುಷ್ಕರ ಮುರಿದವನ ಮೇಲೆ ಆ ಸೀಮೆಯಲ್ಲಿ ಹಳೆಯ ಹಾಡೊಂದಿದೆ. ಸಂಘಟಕರು ಜಾಣರು, ಅದನ್ನು ಪಟ್ಟಿಗೇ ಸೇರಿಸಿರಲಿಲ್ಲ.

ಕೊನೆಗೆ ಬ್ಯಾಂಡಿನ ಐದು ಜನ ಎದ್ದು ನಿಂತು "ಗ್ರೆಸ್‌ಫರ್ಡ್" ನುಡಿಸಿದರು. ಅದಕ್ಕೆ ಪದ ಬೇಕಿಲ್ಲ. 1934ರ ಸೆಪ್ಟೆಂಬರ್ 22ರಂದು ವೇಲ್ಸಿನ ಗ್ರೆಸ್‌ಫರ್ಡ್ ಗಣಿಯಲ್ಲಿ 266 ಜನ ಸತ್ತರು. ಕೈಗೆ ಸಿಕ್ಕಿದ ಹೆಣ ಹನ್ನೊಂದು ಮಾತ್ರ. ಬೆಂಕಿಯಾರದೆ ಆ ಭಾಗವನ್ನೇ ಮುಚ್ಚಿಬಿಟ್ಟರು. ಹೆಬರ್ನ್ ಊರಿನ ರಾಬರ್ಟ್ ಸೇಂಟ್ ಎಂಬ ಗಣಿ ಕಾರ್ಮಿಕ ಅವರಿಗಾಗಿ ಕಟ್ಟಿದ ಮಟ್ಟು ಇದು. 1938ರ ಡರಮ್ ಜಾತ್ರೆಯಲ್ಲಿ ಮೊದಲು ನುಡಿಸಿದರು. ಜಾತ್ರೆ ಅನ್ನುವುದು ನನ್ನ ಮಾತು, ಅವರು ದೊಡ್ಡ ಸಭೆ ಅನ್ನುತ್ತಾರೆ. 1871ರಿಂದ ನಡೆದು ಬಂದದ್ದು, ಜುಲೈಯ ಎರಡನೇ ಶನಿವಾರ. ಒಂದೊಂದು ಗಣಿಯ ರೇಷ್ಮೆಯ ಪತಾಕೆ, ಮುಂದೆ ಬ್ಯಾಂಡು, ಹಿಂದೆ ಊರೆಲ್ಲ. ಆ ವರ್ಷ ಗಣಿಯಲ್ಲಿ ಸಾವಾಗಿದ್ದರೆ ಪತಾಕೆಗೆ ಕಪ್ಪು ಬಟ್ಟೆ. ಬಾಗಿ ಬಳುಕಿ ಬರುವ ಆ ಪತಾಕೆಗಳನ್ನು ಮೊದಲ ಸಲ ನೋಡಿದಾಗ ನನಗೆ ನಂದಿಕೋಲು ನೆನಪಾಗಿತ್ತು. ಗಣಿ ಮುಚ್ಚಿದರೂ ಪತಾಕೆ ಬರುವುದು ನಿಂತಿಲ್ಲ. ನಮ್ಮ ಕೆ.ಜಿ.ಎಫ್. 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ನಾಲ್ಕು ಜನ ಸೇರಿ ಹೊತ್ತು ತಿರುಗುವಂಥದ್ದು ನಮ್ಮ ಕೈಯಲ್ಲಿ ಏನೂ ಉಳಿಯಲಿಲ್ಲ ಅಂತ ತಂಗಿಗೆ ಫೋನಿನಲ್ಲಿ ಹೇಳಿದ್ದೆ. "ಸಯನೈಡ್ ದಿಬ್ಬ ಇದೆಯಲ್ಲೇ," ಅಂದಳು.

ಚಹಾ ಬಂತು. ಪೈ ಬಂತು. ಮಕ್ಕಳಿಗೆ ಬೇಜಾರು ಹತ್ತಿ ಕುರ್ಚಿಗಳ ನಡುವೆ ಓಡಾಡತೊಡಗಿದವು. ಪ್ರೊಜೆಕ್ಟರಿನವನು ಪೆಟ್ಟಿಗೆ ಕಟ್ಟಲು ಹೊರಟಾಗ ಒಬ್ಬ ಪುಟ್ಟ ಹುಡುಗ ಹೋಗಿ ಅವನ ತೋಳು ಜಗ್ಗಿದ. ನಮ್ಮೂರಿನ ರೀಲನ್ನು ಹಿಂದುಮುಂದಾಗಿ ಓಡಿಸ್ತೀಯಾ? ಅವನು ಓಡಿಸಿದ.

ಹೊಗೆ ಗಾಳಿಯಿಂದ ಕೂಡಿಕೊಂಡು ಬಂದು ವಿಭೂತಿ ಗೆರೆಯ ಹುಡುಗನ ಬಾಯೊಳಗೆ ಸೇರಿತು. ಸಿಗರೇಟು ಉದ್ದವಾಯಿತು, ಜೇಬಿಗೆ ಹೋಯಿತು. ಅವನು ಹಣೆಗೆ ಮಸಿ ಬಳಿದುಕೊಂಡ. ಎಲ್ಲರೂ ಬುತ್ತಿ ಡಬ್ಬಿ ಹಿಡಿದು ಹಿಂದಕ್ಕೆ ಹಿಂದಕ್ಕೆ ನಡೆದು ಕೇಜಿನೊಳಗೆ ತುಂಬಿಕೊಂಡರು, ಗೇಟು ಮುಚ್ಚಿತು, ಕೇಜು ಇಳಿಯಿತು. ಮಕ್ಕಳು ಚಪ್ಪಾಳೆ ತಟ್ಟಿದವು. ಎಲ್ಲರಿಗಿಂತ ಜೋರಾಗಿ ನಕ್ಕವರು ಮುದುಕರು. ನಗುವಿನ ಬೆನ್ನಿಗೇ ಕೆಮ್ಮು ಬಂತು, ಮೊದಲು ಒಬ್ಬರಿಗೆ, ಆಮೇಲೆ ಸಾಲಿಗೆ ಸಾಲು. ಪರದೆಯ ಮೇಲೆ ಖಾಲಿ ಶಾಫ್ಟು ಇನ್ನೂ ಅಲುಗುತ್ತಿತ್ತು. ಪಕ್ಕದ ಕುರ್ಚಿಯವರು ಕಣ್ಣೊರೆಸಿಕೊಂಡು, ಉಸಿರು ಹಿಡಿದು ಹಿಡಿದು ಅಂದರು: "ಇನ್ನೊಂದ್ಸಲ ಹಾಕಪ್ಪಾ."